ಬಿ.ಇಡಿಯಿಂದ ಟಿಇಟಿವರೆಗೆ: ನಾನು ನಡೆದ ಮೂರೂವರೆ ವರ್ಷ

ಮೊನ್ನೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಅಂಕಪಟ್ಟಿ ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿದೆ. 150ಕ್ಕೆ 103. 2022ರ ಜೂನ್‌ನಲ್ಲಿ ಕೆಲಸ ಹೋಗಿ ತುಮಕೂರು ಜಿಲ್ಲೆಯ ನಮ್ಮೂರಿಗೆ ವಾಪಸ್ ಬಂದಾಗ ಈ ಫೈಲಿನಲ್ಲಿ ಬರೀ ಅಂಕಪಟ್ಟಿಗಳಿದ್ದವು. ಈಗ ಅದರ ಗುಂಡಿ ಮುಚ್ಚುವುದಿಲ್ಲ, ಅಷ್ಟು ತುಂಬಿದೆ. ಮೇಷ್ಟ್ರ ಕೆಲಸದ ಕಡೆ ಬರೋಣ ಅಂತ ಯೋಚಿಸುತ್ತಿರುವ ಎಷ್ಟೋ ಜನ ನನ್ನ ಹಾಗೇ ಕತ್ತಲಲ್ಲಿ ತಡಕಾಡುತ್ತಿದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಒಂದು ಆನ್‌ಲೈನ್ ಕೋಚಿಂಗ್ ಕಂಪನಿಯಲ್ಲಿದ್ದೆ. ಬಿಎಸ್ಸಿ ಮಾಡಿದ್ದರೂ ಪಾಠಕ್ಕೂ ನನಗೂ ಸಂಬಂಧ ಇರಲಿಲ್ಲ. ದಿನಕ್ಕೆ ನೂರಕ್ಕೂ ಜಾಸ್ತಿ ಅಪ್ಪ ಅಮ್ಮಂದಿರಿಗೆ ಫೋನ್ ಮಾಡಿ ಕೋರ್ಸ್ ಮಾರುವುದು ನನ್ನ ಕೆಲಸ. ಕೈಗೆ 24 ಸಾವಿರ ಬರುತ್ತಿತ್ತು. ಒಂದು ಗುರುವಾರ ಸಂಜೆ ನಮ್ಮ ಟೀಮಿಗೆಲ್ಲ ಒಂದೇ ಮೇಲ್ ಬಂತು. ಶುಕ್ರವಾರ ಲ್ಯಾಪ್‌ಟಾಪ್ ಒಪ್ಪಿಸಿ ಪಿಜಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಎರಡು ತಿಂಗಳು ಬೇರೆ ಕೆಲಸ ಹುಡುಕಿದೆ. ಎಲ್ಲಿ ಹೋದರೂ ನನ್ನ ಹಾಗೇ ಕೆಲಸ ಹೋದವರು ಸಾಲಾಗಿ ಕೂತಿರುತ್ತಿದ್ದರು. ಪಿಜಿ ಬಾಡಿಗೆ ಕಟ್ಟಲು ಆಗದೆ ಊರಿಗೆ ಬಂದೆ.

ಊರಲ್ಲಿ ಎಲ್ಲರದೂ ಒಂದೇ ಮಾತು. "ಸುಮ್ನೆ ಬಿ.ಇಡಿ ಮಾಡಮ್ಮ, ಹೆಣ್ಮಕ್ಳಿಗೆ ಟೀಚರ್ ಕೆಲಸ ಒಳ್ಳೇದು." ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ಬೇರೇನೂ ಸಿಗಲಿಲ್ಲ ಅಂತ ಮಕ್ಕಳ ಮುಂದೆ ಹೋಗಿ ನಿಲ್ಲುವುದು ಸರಿಯಲ್ಲ ಅನ್ನಿಸುತ್ತಿತ್ತು. ಆಗ ನಮ್ಮೂರ ಶಾಲೆಯಲ್ಲಿ ಗಣಿತಕ್ಕೆ ಶಿಕ್ಷಕರಿರಲಿಲ್ಲ. ಹೆಡ್ ಮೇಷ್ಟ್ರ ಹತ್ತಿರ ಹೋಗಿ, "ಸಾರ್, ಹತ್ತು ದಿನ ಏಳನೇ ಕ್ಲಾಸಿಗೆ ಲೆಕ್ಕ ಹೇಳಿಕೊಡಲಾ?" ಅಂತ ಕೇಳಿದೆ. ಅವರು ಒಪ್ಪಿದರು.

ಋಣ ಸಂಖ್ಯೆಗಳ ಪಾಠ. ಸೊನ್ನೆಗಿಂತ ಕಡಿಮೆ ಅಂದರೆ ಏನು ಅಂತ ಒಬ್ಬ ಹುಡುಗನಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಮೂರನೇ ದಿನ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಶಾಲೆಯ ಪಕ್ಕದ ತೆಂಗಿನ ಮರ ತೋರಿಸಿದೆ. "ನೆಲ ಸೊನ್ನೆ. ಮರ ಎಷ್ಟು ಎತ್ತರ?" "ನಲವತ್ತಡಿ ಮಿಸ್." "ನಿಮ್ಮ ತೋಟದ ಬೋರ್‌ವೆಲ್ ಎಷ್ಟು ಅಡಿ?" "ಏಳ್ನೂರು." ಆಮೇಲೆ ಒಂದು ನಿಮಿಷ ಸುಮ್ಮನಿದ್ದು, "ಅದು ಮೈನಸ್ ಏಳ್ನೂರು, ಅಲ್ವಾ ಮಿಸ್?" ಅಂದ. ಆ ಸಂಜೆ ಅಪ್ಪನಿಗೆ ಹೇಳಿದೆ, ಬಿ.ಇಡಿ ಮಾಡುತ್ತೇನೆ ಅಂತ. ಈ ದಾರಿಗೆ ಬರುವ ಮುಂಚೆ ನೀವೂ ದಯವಿಟ್ಟು ಒಂದು ವಾರವಾದರೂ ಯಾವುದಾದರೂ ತರಗತಿಯಲ್ಲಿ ನಿಂತು ನೋಡಿ. ಕಾಯುವ ವರ್ಷಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹತ್ತು ದಿನ.

ಶುರುವಿನಲ್ಲೇ ನನಗೆ ಗೊತ್ತಿರದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಿ.ಇಡಿ ಮುಗಿದರೆ ಕೆಲಸ ಸಿಗುವುದಿಲ್ಲ. ಟಿಇಟಿ ಪಾಸಾದರೂ ಕೆಲಸ ಸಿಗುವುದಿಲ್ಲ. ಸರ್ಕಾರಿ ಶಾಲೆಯ ಆರರಿಂದ ಎಂಟನೇ ತರಗತಿಗೆ ಶಿಕ್ಷಕರಾಗಲು ಪದವಿ, ಬಿ.ಇಡಿ, ಟಿಇಟಿ ಎರಡನೇ ಪತ್ರಿಕೆ ಇಷ್ಟೂ ಇಟ್ಟುಕೊಂಡು, ಸರ್ಕಾರ ಹುದ್ದೆ ಕರೆದಾಗ ಮತ್ತೊಂದು ಪರೀಕ್ಷೆ ಬರೆಯಬೇಕು. ಹೈಸ್ಕೂಲಿಗೆ ಟಿಇಟಿ ಬೇಡ, ಆದರೆ ಅಲ್ಲಿಗೂ ನೇಮಕಾತಿ ಪರೀಕ್ಷೆ ಬೇರೆ ಇರುತ್ತದೆ. ಒಂದರಿಂದ ಐದನೇ ತರಗತಿಗೆ ಬಿ.ಇಡಿ ನಡೆಯುವುದಿಲ್ಲ, ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ, ಅಂದರೆ ಡಿ.ಇಡಿಯೇ ಬೇಕು ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಕ್ಲಾಸಿನಲ್ಲಿ ಮೊದಲ ವರ್ಷ ಓದುತ್ತಿದ್ದ ಎಷ್ಟೋ ಜನಕ್ಕೆ ಅವತ್ತು ಮುಖ ಬಾಡಿತು. ಚಿಕ್ಕ ಮಕ್ಕಳಿಗೆ ಪಾಠ ಹೇಳಬೇಕು ಅನ್ನುವ ಆಸೆ ಇದ್ದರೆ ಕೋರ್ಸ್ ಆರಿಸುವಾಗಲೇ ಇದನ್ನು ಯೋಚಿಸಿ.

ಬಿ.ಇಡಿ ಸರ್ಕಾರಿ ಕೋಟಾ ಸೀಟಿಗೆ ಅರ್ಜಿ ಹಾಕುವಾಗ ಕಾಗದಗಳ ಓಡಾಟ ಶುರುವಾಯಿತು. ನಾವು 2ಎ. ಜಾತಿ ಮತ್ತು ಆದಾಯ ಪ್ರಮಾಣ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಐದು ವರ್ಷ ನಡೆಯುತ್ತದೆ. ನನ್ನದು ಇತ್ತು, ಆದರೆ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಹೊಸದಕ್ಕೆ ಕೊಟ್ಟೆ. ಗ್ರಾಮ ಲೆಕ್ಕಿಗರು ರಜೆ, ಆಮೇಲೆ ಸರ್ವರ್ ಇಲ್ಲ, ಆಮೇಲೆ ಕಂದಾಯ ನಿರೀಕ್ಷಕರ ಲಾಗಿನ್‌ನಲ್ಲಿ ಬಾಕಿ. ಹತ್ತೊಂಬತ್ತು ದಿನ ಹಿಡಿಯಿತು. ಅರ್ಜಿಯ ಕೊನೆ ದಿನಕ್ಕೆ ಮೂರು ದಿನ ಉಳಿದಾಗ ಕೈಗೆ ಬಂತು. ನಿಮ್ಮ ಪ್ರಮಾಣ ಪತ್ರದ ಮೇಲಿರುವ ದಿನಾಂಕವನ್ನು ಇವತ್ತೇ ತೆಗೆದು ನೋಡಿ.

ಗ್ರಾಮೀಣ ಅಭ್ಯರ್ಥಿ ಮತ್ತು ಕನ್ನಡ ಮಾಧ್ಯಮ ಪ್ರಮಾಣ ಪತ್ರಗಳಿಗೆ ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗದ ದಾಖಲೆ ಬೇಕು. ಓದಿದ ಶಾಲೆಯಲ್ಲಿ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೇಲುರುಜು ಮಾಡಿಸಬೇಕು. ನಾನು ಏಳರವರೆಗೆ ನಮ್ಮೂರಲ್ಲಿ, ಎಂಟರಿಂದ ಹತ್ತು ಪಕ್ಕದ ಊರಲ್ಲಿ ಓದಿದ್ದು. ಅಂದರೆ ಎರಡು ಶಾಲೆ, ಎರಡು ಸೆಟ್. ನಮ್ಮೂರ ಶಾಲೆಯ ಹೆಡ್ ಮೇಷ್ಟ್ರು ಬೀರುವಿನಿಂದ ದಪ್ಪನೆಯ ದಾಖಲಾತಿ ವಹಿ ತೆಗೆದರು. ಅಂಚೆಲ್ಲ ಗೆದ್ದಲು ತಿಂದಿತ್ತು. ಬೆರಳಿಟ್ಟು ಸಾಲುಸಾಲೇ ಇಳಿಯುತ್ತಾ ಹೋದರು. ನನ್ನ ಹೆಸರು ಸಿಕ್ಕಿತು. ಅದರ ಎದುರು ಅಪ್ಪನ ರುಜು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಒಂದೊಂದೇ ಅಕ್ಷರ ಬಿಡಿಸಿ ಒತ್ತಿ ಬರೆದಿದ್ದರು, ಹಾಳೆಯ ಹಿಂಬದಿಗೆ ಅಚ್ಚು ಮೂಡಿತ್ತು. ಆ ಹಾಳೆಯ ಮೇಲೆ ಕೈ ಆಡಿಸಿದೆ. ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರಿಗೆ ಆ ದಿನ ನೆನಪಿತ್ತು.

ದಾಖಲೆ ಪರಿಶೀಲನೆ ತುಮಕೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್‌ನಲ್ಲಿ ಆಯಿತು. ಅಲ್ಲಿ ಇನ್ನೊಂದು ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಪದವಿ ಅಂಕಪಟ್ಟಿಯ ಇಂಗ್ಲಿಷ್ ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ. ಪರಿಶೀಲನೆಗೆ ಕೂತಿದ್ದ ಮೇಡಂ ಸಮಾಧಾನವಾಗಿ, "ಮೂರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಬನ್ನಿ, ಸಂಜೆವರೆಗೂ ಇರ್ತೀವಿ" ಅಂದರು. ನೋಟರಿ ಹುಡುಕಿ, 350 ರೂಪಾಯಿ ಕೊಟ್ಟು, ನಾಲ್ಕು ಗಂಟೆಗೆ ವಾಪಸ್ ಬಂದೆ. ಆವತ್ತು ಊಟ ಇಲ್ಲ. ನಿಮ್ಮ ಹೆಸರು ಎಲ್ಲ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯಾ ನೋಡಿಕೊಳ್ಳಿ. ಆಧಾರ್ ಬದಲಿಸುವುದು ಸುಲಭ, ಅಂಕಪಟ್ಟಿ ಬದಲಿಸುವುದು ಕಷ್ಟ.

ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ನೂರು ಕಿಲೋಮೀಟರ್ ದೂರದ ಕಾಲೇಜು ಬಂತು. ಎರಡನೇ ಸುತ್ತಿನಲ್ಲಿ ಮನೆಯಿಂದ ಹೋಗಿ ಬರುವಷ್ಟು ಹತ್ತಿರದ ಅನುದಾನಿತ ಕಾಲೇಜು ಸಿಕ್ಕಿತು. 2023ರ ಶುರುವಿನಲ್ಲಿ ಕ್ಲಾಸ್ ಆರಂಭ. ಮೇ ತಿಂಗಳಲ್ಲಿ ಮದುವೆಯೂ ಆಯಿತು. ಗಂಡನ ಮನೆ ಕಾಲೇಜಿಗೆ ಇನ್ನೂ ಹತ್ತಿರ. ನಮ್ಮತ್ತೆ ಒಂದೇ ಒಂದು ದಿನವೂ ಓದು ಬಿಡು ಅನ್ನಲಿಲ್ಲ. ಬೆಳಗ್ಗೆ ಏಳೂವರೆ ಬಸ್ಸಿಗೆ ಡಬ್ಬಿ ಕಟ್ಟಿ ಕೊಡುತ್ತಿದ್ದರು.

ಬಿ.ಇಡಿ ಸುಲಭ ಅಂತ ಹೇಳುವವರ ಮಾತು ಕೇಳಬೇಡಿ. ಪರೀಕ್ಷೆ ಕಷ್ಟವಲ್ಲ, ಬರವಣಿಗೆ ಕಷ್ಟ. ಪಾಠ ಯೋಜನೆ, ಘಟಕ ಪರೀಕ್ಷೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಕಲಿಕೋಪಕರಣ, ರೆಕಾರ್ಡ್ ಮೇಲೆ ರೆಕಾರ್ಡ್. ರಾತ್ರಿ ಹನ್ನೊಂದಕ್ಕೆ ಥರ್ಮಾಕೋಲ್ ಕತ್ತರಿಸುತ್ತಾ ಕೂತ ದಿನಗಳು ಲೆಕ್ಕವಿಲ್ಲ. ಎರಡನೇ ವರ್ಷದ ಇಂಟರ್ನ್‌ಶಿಪ್ ಮಾತ್ರ ಬಂಗಾರ. ಹದಿನಾರು ವಾರ ಒಂದೇ ಶಾಲೆಯಲ್ಲಿ ಇರುತ್ತೇವೆ. ಕೆಲವರು ರುಜು ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದರು. ನನಗೆ ಅದು ತುಂಬಾ ಬೇಸರ ತರಿಸಿತು. ತರಗತಿ ನಿಭಾಯಿಸುವುದನ್ನು ನಾನು ಕಲಿತದ್ದು ಅಲ್ಲೇ, ಪುಸ್ತಕದಲ್ಲಿ ಅಲ್ಲ.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಎರಡು ವರ್ಷದ ಫೀಸು, ಪರೀಕ್ಷಾ ಶುಲ್ಕ ಸೇರಿ ನನಗೆ 31 ಸಾವಿರ ಆಯಿತು. ಸಮವಸ್ತ್ರದ ಸೀರೆ, ರೆಕಾರ್ಡ್, ಚಾರ್ಟು ಎಲ್ಲ 9 ಸಾವಿರ. ಬಸ್ಸಿಗೆ 4 ಸಾವಿರ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ ಖರ್ಚು ನಿಂತಿತು, ಇಲ್ಲದಿದ್ದರೆ ಅದೇ ದೊಡ್ಡದಾಗುತ್ತಿತ್ತು. ಪ್ರಮಾಣ ಪತ್ರ, ಅಫಿಡವಿಟ್, ಜೆರಾಕ್ಸ್ ಇವಕ್ಕೆ 1,800. ಟಿಇಟಿ ಎರಡು ಸಲ, ಒಂದು ಪತ್ರಿಕೆಗೆ 700ರಂತೆ 1,400. ಪುಸ್ತಕ 2,600. ಹತ್ತಿರ ಹತ್ತಿರ 50 ಸಾವಿರ. ಅಮ್ಮ ಬಳೆ ಅಡ ಇಟ್ಟು ಮೊದಲ ಕಂತು ಕಟ್ಟಿದ್ದು. ಸೀಟು ಸಿಕ್ಕ ಕೂಡಲೇ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿವೇತನಕ್ಕೆ ಹಾಕಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿಗೆ ಹೋಗಿ ಕೇಳಿ. ನನ್ನದು ಹಳೆಯ ಖಾತೆಗೆ ಜೋಡಣೆಯಾಗಿ ಮೊದಲ ವರ್ಷದ ಹಣ ಬರಲೇ ಇಲ್ಲ.

ಇನ್ನು ಟಿಇಟಿ. ಅಂತಿಮ ವರ್ಷದಲ್ಲಿ ಓದುತ್ತಿರುವಾಗಲೇ ಬರೆಯಬಹುದು. 2024ರ ಜೂನ್ 30ರಂದು ಮೊದಲ ಸಲ ಬರೆದೆ. 150 ಪ್ರಶ್ನೆ, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಮ್ಮಂಥವರಿಗೆ ಶೇಕಡಾ 60 ಬೇಕು, ಅಂದರೆ 90 ಅಂಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲರಿಗೆ ಶೇಕಡಾ 55. ನನಗೆ 84 ಬಂತು.

ಆರು ಅಂಕ. ಫಲಿತಾಂಶ ನೋಡಿದ ರಾತ್ರಿ ಯಾರ ಹತ್ತಿರವೂ ಮಾತಾಡಲಿಲ್ಲ. ಮುಂದಿನ ವರ್ಷ ಬರೆದರಾಯಿತು ಅಂತ ಗಂಡ ಸಮಾಧಾನ ಮಾಡಿದರು. ಆದರೆ ಮುಂದಿನ ಟಿಇಟಿ ನಡೆದದ್ದು 2025ರ ಡಿಸೆಂಬರ್ 7ಕ್ಕೆ. ಆರು ಅಂಕಕ್ಕೆ ಒಂದು ವರ್ಷ ಐದು ತಿಂಗಳು ಕಾದೆ. ಆದ್ದರಿಂದ ಮೊದಲ ಸಲವನ್ನು ಅಭ್ಯಾಸಕ್ಕೆ ಅಂತ ಬರೆಯಬೇಡಿ. ಮುಂದಿನದು ಯಾವಾಗ ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಂದು ಒಳ್ಳೆಯದು ಏನೆಂದರೆ, ಒಮ್ಮೆ ಪಾಸಾದರೆ ಪ್ರಮಾಣ ಪತ್ರ ಜೀವನಪೂರ್ತಿ ನಡೆಯುತ್ತದೆ.

ಎಲ್ಲಿ ಕೈಕೊಟ್ಟಿತು ಅಂತ ಕೂತು ನೋಡಿದೆ. ಮಕ್ಕಳ ವಿಕಸನ ಮತ್ತು ಬೋಧನಾಶಾಸ್ತ್ರದಲ್ಲಿ 30ಕ್ಕೆ 13. ಪಿಯಾಜೆ, ವೈಗೋಟ್‌ಸ್ಕಿ ಅಂತ ಮನಶ್ಶಾಸ್ತ್ರಜ್ಞರ ಹೆಸರುಗಳನ್ನು ಬಾಯಿಪಾಠ ಮಾಡಿದ್ದೆ. ಆದರೆ ಪ್ರಶ್ನೆಗಳು "ತರಗತಿಯಲ್ಲಿ ಒಂದು ಮಗು ಹೀಗೆ ಮಾಡಿದರೆ ನೀವು ಏನು ಮಾಡುತ್ತೀರಿ" ಅನ್ನುವ ಥರ ಇರುತ್ತವೆ. ಇಂಗ್ಲಿಷ್ 15, ಕನ್ನಡ 21. ಗಣಿತ ವಿಜ್ಞಾನ 60ಕ್ಕೆ 35 ಮಾತ್ರ, ಅದೂ ಬಿಎಸ್ಸಿ ಮಾಡಿದವಳಿಗೆ! ಕಾರಣ ಜೀವಶಾಸ್ತ್ರ. ಪಿಯುಸಿ ಆದ ಮೇಲೆ ನಾನು ಆ ಪುಸ್ತಕ ಮುಟ್ಟಿರಲಿಲ್ಲ. ಎರಡನೇ ಸಲ ದಪ್ಪ ಗೈಡುಗಳನ್ನು ಪಕ್ಕಕ್ಕಿಟ್ಟು ರಾಜ್ಯದ ಆರರಿಂದ ಹತ್ತನೇ ತರಗತಿಯ ಪಠ್ಯಪುಸ್ತಕಗಳನ್ನು ಸಾಲುಸಾಲಾಗಿ ಓದಿದೆ. ಧಾರವಾಡಕ್ಕೆ ಹೋಗಿ ರೂಮು ಮಾಡಿ ಕೋಚಿಂಗ್ ತೆಗೆದುಕೊಳ್ಳುವವರು ಬಹಳ ಜನ. ನನಗೆ ಆ ಶಕ್ತಿ ಇರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಮೊಬೈಲ್‌ನಲ್ಲಿ ಟೈಮರ್ ಹಾಕಿ, ಭಾನುವಾರಕ್ಕೊಂದು ಬರೆದೆ.

ನಡುವಿನ 2025 ತುಂಬಾ ಕಷ್ಟದ ವರ್ಷ. ಬಿ.ಇಡಿ ಮುಗಿದಿತ್ತು. ಹೊಸ ನೇಮಕಾತಿ ಯಾವುದೂ ಇಲ್ಲ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಹೊರಡಿಸುವುದು ಬೇಡ ಅಂತ ಸರ್ಕಾರ 2024ರ ಕೊನೆಯಲ್ಲೇ ನಿಲ್ಲಿಸಿತ್ತು. ಆ ತೀರ್ಮಾನ ಬಂದದ್ದು 2025ರ ಆಗಸ್ಟ್‌ನಲ್ಲಿ. ಈ ನಡುವೆ ಒಂದು ಖಾಸಗಿ ಶಾಲೆಯಲ್ಲಿ ಸಂದರ್ಶನಕ್ಕೆ ಹೋದೆ. ತಿಂಗಳಿಗೆ 9 ಸಾವಿರ, ಅದರ ಜೊತೆಗೆ ಎಲ್ಲ ಮೂಲ ಅಂಕಪಟ್ಟಿಗಳನ್ನು ಅವರ ಹತ್ತಿರ ಇಡಬೇಕು ಅಂದರು. ವರ್ಷದ ನಡುವೆ ಬಿಟ್ಟು ಹೋಗಬಾರದಲ್ಲ, ಅದಕ್ಕಂತೆ. ನಾನು ಫೈಲು ಎತ್ತಿಕೊಂಡು ಎದ್ದು ಬಂದೆ. ಮೂಲ ದಾಖಲೆ ಯಾರಿಗೂ ಕೊಡಬೇಡಿ. ನಾಳೆ ಟಿಇಟಿಗೋ ನೇಮಕಾತಿಯ ಪರಿಶೀಲನೆಗೋ ಕರೆದರೆ ಅವರ ಬಾಗಿಲಲ್ಲಿ ಹೋಗಿ ನಿಲ್ಲಬೇಕಾಗುತ್ತದೆ.

ಜೂನ್‌ನಲ್ಲಿ ಹದಿನಾಲ್ಕು ಕಿಲೋಮೀಟರ್ ದೂರದ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದೆ. ಒಂದು ಹುದ್ದೆಗೆ ಏಳು ಅರ್ಜಿ ಬಂದಿದ್ದವು, ಅಂಕದ ಮೇಲೆ ಆರಿಸಿದರು. ಪ್ರಾಥಮಿಕ ಶಾಲೆಗೆ ಗೌರವಧನ 10 ಸಾವಿರ ಇದ್ದದ್ದು ಆ ವರ್ಷವೇ 12 ಸಾವಿರ ಆಗಿತ್ತು. ಹತ್ತು ತಿಂಗಳು ಮಾತ್ರ. ಬೇಸಿಗೆ ರಜೆಗೆ ಏನೂ ಇಲ್ಲ. ಮೊದಲ ಹಣ ಕೈಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ, ಅಲ್ಲಿಯವರೆಗೆ ಗಂಡನ ಸಂಬಳದಲ್ಲಿ ಮನೆ ನಡೆಯಿತು. ಅತಿಥಿಯಾಗಿ ಸೇರುವವರು ಮೂರು ನಾಲ್ಕು ತಿಂಗಳ ಖರ್ಚಿಗೆ ದಾರಿ ಮಾಡಿಕೊಂಡೇ ಸೇರಿ. ಕಾಯಂ ಶಿಕ್ಷಕರಷ್ಟೇ ಕೆಲಸ ಮಾಡುವವರಿಗೆ ಇಷ್ಟು ಕಡಿಮೆ ಕೊಟ್ಟು, ಅದನ್ನೂ ತಡವಾಗಿ ಕೊಡುವುದು ಅನ್ಯಾಯ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಆ ವರ್ಷ ದಸರಾ ರಜೆಯನ್ನು ಜಾತಿ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಆ ಹೆಚ್ಚಿನ ದಿನಗಳು ನನ್ನ ಕೈ ಹಿಡಿದವು. ಜೀವಶಾಸ್ತ್ರ ಪೂರ್ತಿ ಮುಗಿಸಿದ್ದು ಆಗಲೇ.

ಡಿಸೆಂಬರ್ 7. ನನ್ನದು ಮಧ್ಯಾಹ್ನದ ಪತ್ರಿಕೆ. ಹನ್ನೆರಡಕ್ಕೆ ಕೇಂದ್ರದ ಗೇಟಿನ ಹತ್ತಿರ ನಿಂತಿದ್ದೆ. ಬೆಳಗಿನ ಪತ್ರಿಕೆ ಬರೆದವರು ಹೊರಗೆ ಬರುತ್ತಿದ್ದರು. ಆ ಗುಂಪಿನಲ್ಲಿ ತಲೆ ನರೆತ ಒಬ್ಬರು ಹಾಲ್ ಟಿಕೆಟ್ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾ ಬಂದರು. ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಮಾಡಿದ ಮೇಷ್ಟ್ರು.

"ಸಾರ್, ನೀವಿಲ್ಲಿ?"

"ಏನಮ್ಮಾ, ನೀನೂನಾ? ಬರೀಲೇಬೇಕಲ್ಲ, ಕೋರ್ಟು ಹೇಳಿದೆಯಲ್ಲ."

ಐದು ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂತ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಮೇಷ್ಟ್ರಿಗೆ ನಿವೃತ್ತಿಗೆ ಇನ್ನೂ ಆರು ವರ್ಷ ಇತ್ತು. ಇಬ್ಬರೂ ಕಾಂಪೌಂಡಿನ ಕಟ್ಟೆ ಮೇಲೆ ಕೂತೆವು. ನನ್ನ ಡಬ್ಬಿಯಲ್ಲಿ ಚಿತ್ರಾನ್ನ ಇತ್ತು, ಅರ್ಧ ಅವರಿಗೆ ಕೊಟ್ಟೆ. "ಒಎಂಆರ್‌ನಲ್ಲಿ ಉತ್ತರ ತುಂಬೋ ಆ ರೌಂಡುಗಳು ಎಷ್ಟು ಚಿಕ್ಕವು ಅಂತೀಯ! ಕನ್ನಡಕ ಹಾಕಿದ್ರೂ ಎರಡು ಸಾಲು ಒಂದೇ ಥರ ಕಾಣ್ತವೆ. ಕೈ ನಡುಗಿತಮ್ಮ" ಅಂದರು. ಮೂವತ್ತು ವರ್ಷ ಮಕ್ಕಳ ಪತ್ರಿಕೆ ತಿದ್ದಿದ ಕೈ ಅದು. ನನಗೆ ಗಂಟಲು ಕಟ್ಟಿತು. ನಾನು ಒಳಗೆ ಹೋಗುವಾಗ ಅವರು ತಮ್ಮ ಪೆನ್ನು ತೆಗೆದು ಕೊಟ್ಟು, "ಇದು ಚೆನ್ನಾಗಿ ಬರೆಯುತ್ತೆ, ತಗೋ" ಅಂದರು.

ಆವತ್ತು ಹೆದರಿಕೆ ಇರಲಿಲ್ಲ. ವಿಕಸನದ ಪ್ರಶ್ನೆ ಓದುವಾಗ ನನ್ನ ತರಗತಿಯ ಮಕ್ಕಳ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಅದರಲ್ಲಿ 20, ಕನ್ನಡ 24, ಇಂಗ್ಲಿಷ್ 19, ಗಣಿತ ವಿಜ್ಞಾನ 40. ಫಲಿತಾಂಶ ಬಂದಾಗ ಶಾಲೆಯಲ್ಲಿದ್ದೆ. ಮಕ್ಕಳಿಗೆ ಹೇಗೋ ಗೊತ್ತಾಗಿ, "ಮಿಸ್ ಪಾಸು" ಅಂತ ಬೋರ್ಡ್ ಮೇಲೆ ಬರೆದಿದ್ದರು.

ಈಗ ನೇಮಕಾತಿ ಅಧಿಸೂಚನೆಗೆ ಕಾಯುತ್ತಿದ್ದೇನೆ. ಆಯ್ಕೆ ಪಟ್ಟಿ ಮಾಡುವಾಗ ಟಿಇಟಿ ಅಂಕಕ್ಕೂ ಬೆಲೆ ಇರುತ್ತದೆ, ಆದ್ದರಿಂದ 90 ಬಂತು ಸಾಕು ಅಂತ ಬಿಡಬೇಡಿ, ಬೇಕಿದ್ದರೆ ಮತ್ತೆ ಬರೆದು ಜಾಸ್ತಿ ಮಾಡಿಕೊಳ್ಳಬಹುದು. ಮದುವೆಯಾದ ಹೆಣ್ಣುಮಕ್ಕಳು ಒಂದು ವಿಷಯ ಮರೆಯಬೇಡಿ. 15 ಸಾವಿರ ಶಿಕ್ಷಕರ ಹುದ್ದೆಗೆ 2022ರ ಮೇನಲ್ಲಿ ನಡೆದ ಪರೀಕ್ಷೆಯಲ್ಲಿ, ಜಾತಿ ಆದಾಯ ಪ್ರಮಾಣ ಪತ್ರ ತಂದೆಯ ಹೆಸರಿನದೋ ಗಂಡನ ಹೆಸರಿನದೋ ಅನ್ನುವ ಪ್ರಶ್ನೆ ಹೈಕೋರ್ಟ್‌ಗೆ ಹೋಯಿತು. ಆಯ್ಕೆಯಾದವರು 2023ರ ಕೊನೆಯವರೆಗೆ ಕಾದರು. ನಾನು ಎರಡೂ ಮಾಡಿಸಿ ಇಟ್ಟಿದ್ದೇನೆ. ಅಧಿಸೂಚನೆ ಬಂದಾಗ ಅದರಲ್ಲಿ ಏನು ಕೇಳಿದ್ದಾರೋ ಅಕ್ಷರ ಬಿಡದೆ ಓದಿ, ಅದನ್ನೇ ಕೊಡಿ.

ಮೇಷ್ಟ್ರಿಗೆ ನಾಲ್ಕು ಅಂಕ ಕಡಿಮೆ ಬಂತು. ಲೆಕ್ಕದಲ್ಲಿ ಹೋಗಿದ್ದು. ಈಗ ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬರುತ್ತಾರೆ, ಇನ್ನೂರು ಪುಟದ ನೋಟ್‌ಬುಕ್ ಹಿಡಿದು. ಅವರು ನನಗೆ ಕನ್ನಡ ವ್ಯಾಕರಣ ಹೇಳಿಕೊಡುತ್ತಾರೆ, ನಾನು ಅವರಿಗೆ ಲೆಕ್ಕ. ಒಎಂಆರ್ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೇನೆ, ಟೈಮರ್ ಇಟ್ಟುಕೊಂಡು ರೌಂಡು ತುಂಬುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ಹೋದ ವಾರ ಭಿನ್ನರಾಶಿ ಮುಗಿಯಿತು. ಈ ವಾರ ಶೇಕಡಾವಾರು.